ಬೆಟ್ಟೆಯ ಒತ್ತು ಎಲ್ಲಿ ಹೋಯಿತು?

ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದಕ್ಕೆ ದಿನದ ಧಾರಣೆ ತೋರಿಸುವ ಜಾಲತಾಣವನ್ನು ಕಟ್ಟಿಕೊಟ್ಟು ಎರಡು ದಿನಗಳಾಗಿದ್ದವು. ಸಂಘದ ಹಿರಿಯ ಸದಸ್ಯರೊಬ್ಬರು ಬೆಳಿಗ್ಗೆ ಫೋನ್ ಮಾಡಿ, ಕುಶಲೋಪರಿಯನ್ನೂ ಬದಿಗಿಟ್ಟು, ‘ತಮಾ, ಬೆಟ್ಟೆ ಒತ್ತು ಎಲ್ಲಿ ಹೋತು?’ ಎಂದು ಕೇಳಿದರು. ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡುವವರೆಗೆ ನನಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಅಡಿಕೆಯ ಬಗೆಯೊಂದರ ಹೆಸರಿನ ಗುಂಡಿಯ (ಬಟನ್) ಮೇಲೆ ‘ತಟ್ಟಿಬೆಟ್ಟೆ’ ಎಂದಿರಬೇಕಾದ ಕಡೆ ‘ತಟಿಬೆಟೆ’ ಎಂದಿತ್ತು. ಅದರ ಪಕ್ಕದಲ್ಲಿದ್ದ ‘ಬೆಟ್ಟೆ’ಯು ‘ಬೆಟೆ’ಯಾಗಿತ್ತು. ಒತ್ತಿನ ತುದಿ ಮಾತ್ರ ಗುಂಡಿಯ ಕೆಳ ಅಂಚಿನಲ್ಲಿ ದೂಳು ಕೂತ ಹಾಗೆ ಕಾಣುತ್ತಿತ್ತು. ರಾಶಿ, ಚಾಲಿ, ಕೋಕಾ, ಬಿಳೆಗೋಟು, ಕೆಂಪುಗೋಟು ಇವೆಲ್ಲ ಸರಿಯಾಗಿಯೇ ಇದ್ದವು, ಏಕೆಂದರೆ ಆ ಹೆಸರುಗಳಲ್ಲಿ ಒತ್ತಕ್ಷರವೇ ಇಲ್ಲ. ವಿನ್ಯಾಸ ಮಾಡುವಾಗ ನಾನು ಮಾದರಿಗೆಂದು ಇಟ್ಟುಕೊಂಡಿದ್ದ ಎರಡು ಪದಗಳು ‘ರಾಶಿ’ ಮತ್ತು ‘ಚಾಲಿ’.

ತಪ್ಪು ಸಂಪೂರ್ಣವಾಗಿ ನನ್ನದೇ. ಗುಂಡಿಯ ಅಕ್ಷರಕ್ಕೆ 16 ಪಿಕ್ಸೆಲ್ ಗಾತ್ರವನ್ನೂ, ಸಾಲಿಗೆ ಅದರ 1.2 ಪಟ್ಟು ಎತ್ತರವನ್ನೂ ಕೊಟ್ಟು, ಎಲ್ಲ ಗುಂಡಿಗಳೂ ಒಂದೇ ಮಟ್ಟದಲ್ಲಿ ನಿಲ್ಲಲಿ ಎಂದು ಅವುಗಳ ಎತ್ತರವನ್ನು 24 ಪಿಕ್ಸೆಲ್‌ಗೆ ಕಟ್ಟಿಹಾಕಿದ್ದೆ. ಅದಕ್ಕೂ ಮೀರಿ ಹೊರಗೆ ಚೆಲ್ಲಿದ್ದನ್ನು ಅಡಗಿಸುವಂತೆ ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಹೇಳಿದ್ದೆ. ಇಂಗ್ಲಿಷ್‌ನಲ್ಲಿ ಗೆರೆಯ ಕೆಳಗೆ ಇಳಿಯುವುದು ಕೆಲವು ಅಕ್ಷರಗಳ ಬಾಲ ಮಾತ್ರ, ಅದು ಸ್ವಲ್ಪ ಕತ್ತರಿಸಿದರೂ ಓದುವವರು ಪದವನ್ನು ಊಹಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಹಾಗಲ್ಲ. ಗೆರೆಯ ಕೆಳಗೆ ಒಂದು ಪೂರ್ತಿ ವ್ಯಂಜನವೇ ಕುಳಿತಿರುತ್ತದೆ, ‘ಸ್ವಾತಂತ್ರ್ಯ’ದಂಥ ಪದದ ಕೊನೆಯಲ್ಲಿ ಎರಡು. ಆ ಸದಸ್ಯರು ಕಣ್ಣಿನ ಅನುಕೂಲಕ್ಕಾಗಿ ತಮ್ಮ ಆಂಡ್ರಾಯ್ಡ್ ಫೋನಿನ ಅಕ್ಷರಗಾತ್ರವನ್ನು ದೊಡ್ಡದು ಮಾಡಿಕೊಂಡಿದ್ದರು. ಆಂಡ್ರಾಯ್ಡ್‌ನ ಕ್ರೋಮ್ ಆ ಆಯ್ಕೆಯನ್ನು ಗೌರವಿಸಿ ಅಕ್ಷರವನ್ನು ಹಿಗ್ಗಿಸಿತು. ನಾನು ಕಟ್ಟಿಹಾಕಿದ್ದ ಗುಂಡಿ ಮಾತ್ರ ಹಿಗ್ಗಲಿಲ್ಲ. ಎತ್ತರದ ಕಟ್ಟನ್ನು ಬಿಚ್ಚಿ, ಮೇಲೆ ಕೆಳಗೆ ಅಕ್ಷರದ ಅಳತೆಯಲ್ಲೇ ಜಾಗ ಕೊಟ್ಟು, ಸಾಲಿನ ಎತ್ತರವನ್ನು 1.7ಕ್ಕೆ ಏರಿಸಿದ ಮೇಲೆ ಬೆಟ್ಟೆಗೆ ಒತ್ತು ಮರಳಿ ಬಂತು. ಅಂದಿನಿಂದ ಕನ್ನಡದ ಪುಟಕ್ಕೆ 1.6ಕ್ಕಿಂತ ಕಡಿಮೆ ಸಾಲೆತ್ತರವನ್ನು ನಾನು ಕೊಟ್ಟಿಲ್ಲ. ಪುಟ ಸಡಿಲವಾಗಿ ಕಾಣುತ್ತದೆಂದು ವಿನ್ಯಾಸಕ ಮಿತ್ರರು ಆಗಾಗ ಗೊಣಗುವುದುಂಟು, ಗೊಣಗಲಿ.

ಆದರೆ ನಾನು ಪರೀಕ್ಷೆಯನ್ನೇ ಮಾಡಿರಲಿಲ್ಲವೆಂದಲ್ಲ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿರುವ ಡಿವೈಸ್ ಮೋಡ್‌ನಲ್ಲಿ ಹತ್ತು ಹನ್ನೆರಡು ಫೋನುಗಳ ಹೆಸರನ್ನು ಆರಿಸಿ ಆರಿಸಿ ನೋಡಿದ್ದೆ, ಎಲ್ಲ ಕಡೆಯೂ ಪುಟ ಅಚ್ಚುಕಟ್ಟಾಗಿತ್ತು. ಆ ಸೌಲಭ್ಯ ಏನನ್ನು ಬದಲಿಸುತ್ತದೆ, ಏನನ್ನು ಬದಲಿಸುವುದಿಲ್ಲ ಎಂಬುದನ್ನು ನಾನು ಆವರೆಗೆ ನಿಜವಾಗಿ ಯೋಚಿಸಿರಲಿಲ್ಲ. ಅದು ಪುಟದ ಅಗಲವನ್ನು ಕಿರಿದುಗೊಳಿಸುತ್ತದೆ, ಪಿಕ್ಸೆಲ್ ಸಾಂದ್ರತೆಯನ್ನು ಅನುಕರಿಸುತ್ತದೆ, ಮೌಸನ್ನು ಬೆರಳೆಂದು ನಟಿಸುತ್ತದೆ, ತಾನು ಇಂಥ ಫೋನಿನ ಬ್ರೌಸರ್ ಎಂದು ಸರ್ವರ್‌ಗೆ ಸುಳ್ಳು ಹೇಳುತ್ತದೆ. ಪುಟವನ್ನು ತೆರೆಯ ಮೇಲೆ ಮೂಡಿಸುವ ಒಳಗಿನ ಎಂಜಿನ್ ಮಾತ್ರ ಲ್ಯಾಪ್‌ಟಾಪಿನ ಕ್ರೋಮ್‌ನದೇ, ಐಫೋನ್ ಎಂದು ಆರಿಸಿದರೂ ಸಹ. ಕನ್ನಡಿಗರಿಗೆ ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಅಲ್ಲಿ ಕಾಣುವ ಫಾಂಟ್ ಲ್ಯಾಪ್‌ಟಾಪಿನದು. ವಿಂಡೋಸ್ ಯಂತ್ರ ಕನ್ನಡವನ್ನು ನಿರ್ಮಲಾ ಯುಐ ಫಾಂಟಿನಲ್ಲಿ ಬರೆಯುತ್ತದೆ, ಹಳೆಯದಾದರೆ ತುಂಗಾದಲ್ಲಿ. ಸಾಮಾನ್ಯ ಆಂಡ್ರಾಯ್ಡ್ ಫೋನು ನೋಟೊ ಸಾನ್ಸ್ ಕನ್ನಡದಲ್ಲಿ, ಕೆಲವು ತಯಾರಕರ ಫೋನು ಅವರದೇ ಫಾಂಟಿನಲ್ಲಿ. ಆ್ಯಪಲ್‌ನ ಯಂತ್ರಗಳಲ್ಲಿ ಕನ್ನಡ ಸಂಗಂ ಇರುತ್ತದೆ. ಒಂದೇ 16 ಪಿಕ್ಸೆಲ್‌ನಲ್ಲಿ ಇವುಗಳ ಅಕ್ಷರದ ಅಗಲವೂ ಬೇರೆ, ಒತ್ತು ಇಳಿಯುವ ಆಳವೂ ಬೇರೆ. ಇಂಗ್ಲಿಷ್ ತಾಣ ಮಾಡುವವರು ತಮ್ಮ ಫಾಂಟನ್ನು ತಾವೇ ಕಳಿಸಿ ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತಾರಾದ್ದರಿಂದ, ಅವರು ಬರೆದ ಪರೀಕ್ಷಾ ಪಟ್ಟಿಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ.

ಹೀಗೆ ನೋಡಿದರೆ, ಓದುವವನ ಯಂತ್ರದಲ್ಲಿ ಕನ್ನಡ ಮೂಡುತ್ತದೋ ಇಲ್ಲವೋ ಎಂಬುದು ನಮ್ಮಲ್ಲಿ ವೆಬ್ಬಿನಷ್ಟೇ ಹಳೆಯ ಚಿಂತೆ. ನಾನು ಈ ಕೆಲಸ ಕಲಿಯುವ ಕಾಲಕ್ಕೆ ಅನೇಕ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರವನ್ನು ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದವು, ಅವುಗಳಲ್ಲಿ ಕೆಲವು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತಾವಾಗಿ ಇಳಿದುಕೊಳ್ಳುತ್ತಿದ್ದವು. ಬೇರೆ ಬ್ರೌಸರ್‌ನಲ್ಲಿ ತೆರೆದವರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆ ತುಂಗಾ ಫಾಂಟ್ ಇತ್ತಾದರೂ, ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಗುರುತು ಹಾಕಿ ಸ್ಥಾಪಿಸಿಕೊಳ್ಳಬೇಕಿತ್ತು, ಆಗ ಅದು ಮೂಲ ಸಿಡಿಯನ್ನು ಕೇಳುತ್ತಿತ್ತು. ಸೈಬರ್ ಕೆಫೆಯ ಮಾಲೀಕರ ಬಳಿ ಆ ಸಿಡಿ ಇರುತ್ತಿದ್ದುದು ಅಪರೂಪ. ಆಂಡ್ರಾಯ್ಡ್‌ನ ಮೊದಲ ಆವೃತ್ತಿಗಳಲ್ಲಿ ಕನ್ನಡವೆಂದರೆ ಖಾಲಿ ಚೌಕಗಳ ಸಾಲು. ಕನ್ನಡ, ತೆಲುಗು, ಮಲಯಾಳಂ ಮೂರಕ್ಕೂ ಒಟ್ಟಿಗೆ ಬೆಂಬಲ ದೊರೆತದ್ದು 2012ರ 4.1ನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಫೋನಿನಲ್ಲಿ ಕನ್ನಡ ಓದಿದವರಿಗೆ ಒಪೆರಾ ಮಿನಿ ಎಂಬ ಬ್ರೌಸರಿನ ಒಂದು ಉಪಾಯ ನೆನಪಿರಬಹುದು. ವಿಳಾಸದ ಜಾಗದಲ್ಲಿ ಕಾನ್ಫಿಗ್ ಎಂದು ಬರೆದು ತೆರೆದ ಪುಟದ ಕೊನೆಯಲ್ಲಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂಬ ಪ್ರಶ್ನೆಗೆ ಹೌದು ಎಂದರೆ, ಒಪೆರಾದ ಸರ್ವರ್ ಕನ್ನಡವನ್ನು ಚಿತ್ರವಾಗಿ ಬರೆದು ಕಳಿಸುತ್ತಿತ್ತು. ಫೋನಿಗೆ ಕನ್ನಡ ಗೊತ್ತಿಲ್ಲದಿದ್ದರೂ ಓದುವವನಿಗೆ ಕನ್ನಡ ಕಾಣುತ್ತಿತ್ತು.

ಈಗ ಚೌಕಗಳು ಹೋಗಿವೆ, ಆದ್ದರಿಂದಲೇ ತಪ್ಪುಗಳು ಸೂಕ್ಷ್ಮವಾಗಿವೆ, ಅವು ಮಾದರಿ ಪಠ್ಯ ಸರಿಯಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತವೆ. ತಟ್ಟಿಬೆಟ್ಟೆಯ ಪ್ರಸಂಗದ ನಂತರ ನಾನು ಒಂದು ಪದಪಟ್ಟಿಯನ್ನು ಇಟ್ಟುಕೊಂಡಿದ್ದೇನೆ, ಯಾವುದೇ ಹೊಸ ಪುಟದ ಪ್ರತಿಯೊಂದು ಗುಂಡಿ, ತಲೆಬರಹ ಮತ್ತು ಕೋಷ್ಟಕದ ಮನೆಯೊಳಗೆ ಮೊದಲು ಅವುಗಳನ್ನೇ ತುಂಬುತ್ತೇನೆ. ಅದರಲ್ಲಿ ವೈಶಿಷ್ಟ್ಯ, ದಾರಿದ್ರ್ಯ, ಸ್ತ್ರೀ, ಸಂಸ್ಕೃತ, ಜ್ಞಾನ, ಕೈಮಗ್ಗ ಇವೆ. ಅರ್ಕಾವತ್ತಿಗಾಗಿ ಸೂರ್ಯ, ಅದಕ್ಕೆ ಎದುರಾಗಿ ರ‍್ಯಾಂಕ್ ಇವೆ. ಈ ಕೊನೆಯ ಜೋಡಿಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ರಕಾರ, ವಿರಾಮ (ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆ), ಯಕಾರ ಇವನ್ನು ಒಂದರ ಮುಂದೊಂದು ಬರೆದರೆ ಯೂನಿಕೋಡ್ ನಿಯಮದ ಪ್ರಕಾರ ‘ಸೂರ್ಯ’ದಲ್ಲಿರುವಂತೆ ಅರ್ಕಾವತ್ತು ಬರುತ್ತದೆ, ರಕಾರವು ಮೇಲೆಯೇ ನಿಂತು ಯಕಾರ ಒತ್ತಾಗಬೇಕಾದರೆ ರಕಾರದ ಬೆನ್ನಿಗೇ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ಇಡಬೇಕು. ಎಷ್ಟೋ ಸಾಧನಗಳು ಪಠ್ಯವನ್ನು ಸ್ವಚ್ಛಗೊಳಿಸುವ ನೆಪದಲ್ಲಿ ಈ ಕಾಣದ ಸಂಕೇತವನ್ನು ಗುಡಿಸಿ ಹಾಕುತ್ತವೆ, ಆಗ ರ‍್ಯಾಂಕ್ ಬಂದವರ ಪಟ್ಟಿಯಲ್ಲಿ ಎಲ್ಲರಿಗೂ ಅರ್ಕಾವತ್ತು ಏರುತ್ತದೆ.

ಇದರ ಸೋದರನಾದ ಬೇರ್ಪಡಿಸುವ ಸಂಕೇತ ಇನ್ನೂ ಹೆಚ್ಚು ಕಾಡಿದೆ. ‘ಮಾರ್ಕೆಟ್‌ಯಾರ್ಡ್’ ಎಂಬಲ್ಲಿ ಅದು ಇಲ್ಲದಿದ್ದರೆ ಟಕಾರಕ್ಕೆ ಯಕಾರದ ಒತ್ತು ಬಂದು ‘ಮಾರ್ಕೆಟ್ಯಾರ್ಡ್’ ಆಗುತ್ತದೆ. ಸಂಘದ ಸುತ್ತೋಲೆಗಳನ್ನು ಹುಡುಕುವ ಪೆಟ್ಟಿಗೆಯಲ್ಲಿ ಒಬ್ಬರ ಕೀಲಿಮಣೆ ಆ ಸಂಕೇತವನ್ನು ತಾನಾಗಿ ಸೇರಿಸುತ್ತದೆ, ಇನ್ನೊಬ್ಬರದು ಸೇರಿಸುವುದಿಲ್ಲ, ಫಲಿತಾಂಶ ಒಬ್ಬರಿಗೆ ಸಿಗುತ್ತದೆ, ಇನ್ನೊಬ್ಬರಿಗೆ ಸಿಗುವುದಿಲ್ಲ. ಪುಟದಲ್ಲಿ ತೋರಿಸುವಾಗ ಸಂಕೇತವನ್ನು ಉಳಿಸಿಕೊಂಡು, ಹುಡುಕುವಾಗ ಮಾತ್ರ ಎರಡೂ ಕಡೆಯಿಂದ ತೆಗೆದು ಹೋಲಿಸುವುದೇ ಇದಕ್ಕೆ ನಾನು ಕಂಡುಕೊಂಡ ಪರಿಹಾರ.

ಇಂಗ್ಲಿಷ್ ವಿನ್ಯಾಸದ ಕೆಲವು ಅಲಂಕಾರಗಳನ್ನು ಪದಪಟ್ಟಿ ಮೊದಲ ದಿನವೇ ಬಯಲು ಮಾಡುತ್ತದೆ. ತಲೆಬರಹದ ಅಕ್ಷರಗಳ ನಡುವೆ ಅಂತರ ಕೊಡುವುದು ಅಂಥದ್ದೊಂದು. ಕನ್ನಡದಲ್ಲಿ ಒತ್ತು ಮತ್ತು ಅರ್ಕಾವತ್ತುಗಳು ತಮ್ಮ ಒಡೆಯನಿಂದ ದೂರ ಸರಿದು ಅನಾಥವಾಗಿ ನಿಲ್ಲುತ್ತವೆ. ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುವುದು ಇನ್ನೊಂದು. ‘ಶ್ರೀ’ ಎಂದು ಆರಂಭವಾಗುವ ಲೇಖನದಲ್ಲಿ ‘ಶ್’ ಮಾತ್ರ ಬೃಹತ್ತಾಗಿ, ‘ರೀ’ ಪಕ್ಕದಲ್ಲಿ ಪುಟ್ಟದಾಗಿ ನಿಂತದ್ದನ್ನು ನೋಡಿದ್ದೇನೆ. ಒಂದೊಂದೇ ಅಕ್ಷರ ಟೈಪ್ ಆಗುತ್ತ ಮೂಡುವ ಚಲನೆಯಂತೂ, ಕನ್ನಡದಲ್ಲಿ ಪದವನ್ನು ಸಂಕೇತಗಳಾಗಿ ಒಡೆದು, ಪ್ರತಿ ಹೆಜ್ಜೆಯಲ್ಲೂ ಹಿಂದಿನ ಅಕ್ಷರದ ರೂಪವನ್ನೇ ಬದಲಿಸುತ್ತ ಕಣ್ಣಿಗೆ ಹಿಂಸೆ ಕೊಡುತ್ತದೆ. ಈ ಮೂರನ್ನೂ ಕನ್ನಡದ ಪುಟಗಳಿಂದ ನಾನು ಬಿಟ್ಟೇಬಿಟ್ಟಿದ್ದೇನೆ.

ಕೈಯಿಂದ ಪರೀಕ್ಷಿಸಿ ಬೇಸತ್ತು ಒಮ್ಮೆ ಎಲ್ಲವನ್ನೂ ಯಂತ್ರಕ್ಕೆ ವಹಿಸಿದೆ. 2020ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಪ್ಲೇರೈಟ್ ಎಂಬ ಸಾಧನವು ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರರಲ್ಲೂ ಪುಟವನ್ನು ತೆರೆದು ಚಿತ್ರ ತೆಗೆದು, ಮೊದಲು ಒಪ್ಪಿಕೊಂಡ ಚಿತ್ರದೊಂದಿಗೆ ಹೋಲಿಸುತ್ತದೆ. ಬಾಡಿಗೆಯ ಲಿನಕ್ಸ್ ಸರ್ವರ್‌ನಲ್ಲಿ ಅದನ್ನು ಓಡಿಸಿದೆ. ವಾರಗಟ್ಟಲೆ ಎಲ್ಲ ಪರೀಕ್ಷೆಗಳೂ ಹಸಿರು. ಒಂದು ದಿನ ಏನೋ ಅನುಮಾನ ಬಂದು ಚಿತ್ರಗಳನ್ನೇ ತೆರೆದು ನೋಡಿದರೆ, ಆ ಸರ್ವರ್‌ನಲ್ಲಿ ಕನ್ನಡದ ಫಾಂಟ್ ಒಂದೂ ಇರಲಿಲ್ಲ. ಮೊದಲು ಒಪ್ಪಿಕೊಂಡ ಚಿತ್ರದಲ್ಲೂ ಚೌಕಗಳು, ಹೊಸ ಚಿತ್ರದಲ್ಲೂ ಚೌಕಗಳು. ಚೌಕಕ್ಕೆ ಚೌಕ ಸರಿಹೊಂದಿದ್ದರಿಂದ ಯಂತ್ರ ಸಂತೋಷದಿಂದ ಹಸಿರು ದೀಪ ತೋರಿಸುತ್ತಿತ್ತು. ಈ ಖಾಲಿ ಚೌಕಗಳನ್ನು ಫಾಂಟಿನವರು ತೋಫು ಎನ್ನುತ್ತಾರೆ, ತೋಫು ಇರಬಾರದೆಂಬ ಆಶಯದಿಂದಲೇ ಗೂಗಲ್‌ನ ನೋಟೊಗೆ ಆ ಹೆಸರು ಬಂದದ್ದು. ನೋಟೊವನ್ನು ಸರ್ವರ್‌ಗೆ ಹಾಕಿದ ಮೇಲೆ ಯಂತ್ರದ ಪರೀಕ್ಷೆ ನಿಜಕ್ಕೂ ಉಪಯೋಗಕ್ಕೆ ಬಂತು, ಆದರೆ ಅದು ಕಾಣುವುದು ಆ ಒಂದೇ ಫಾಂಟಿನ ಕನ್ನಡವನ್ನು ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ಇಂಗ್ಲಿಷ್ ತಾಣಗಳ ಹಾಗೆ ನಮ್ಮ ಫಾಂಟನ್ನೂ ನಾವೇ ಕಳಿಸಿಬಿಡಬಾರದೇ ಎಂದು ಯಾರಾದರೂ ಕೇಳಬಹುದು. ಪ್ರತಿ ವ್ಯಂಜನಕ್ಕೂ ಸ್ವರಚಿಹ್ನೆ ಸೇರಿದ ರೂಪಗಳು, ಒತ್ತಿನ ರೂಪಗಳು ಬೇರೆ ಬೇರೆ ಇರುವುದರಿಂದ ಕನ್ನಡದ ಫಾಂಟಿನ ಕಡತ ಇಂಗ್ಲಿಷ್‌ನದಕ್ಕಿಂತ ಸಾಕಷ್ಟು ದೊಡ್ಡದು. ಘಟ್ಟದ ಮೇಲಿನ ಊರುಗಳಲ್ಲಿ, ಮಳೆಗಾಲದಲ್ಲಿ, ತೋಟದ ಮೂಲೆಯೊಂದರಲ್ಲಿ ಮಾತ್ರ ಸಿಗ್ನಲ್ ಸಿಗುವಲ್ಲಿ ಅದು ಇಳಿಯುವವರೆಗೆ ಧಾರಣೆ ಕಾಯಬೇಕು. ಕಡತವನ್ನು ಚಿಕ್ಕದು ಮಾಡೋಣವೆಂದು ಜಾಲದಲ್ಲಿ ಸಿಕ್ಕಿದ ಒಂದು ಸಾಧನದಿಂದ ಫಾಂಟನ್ನು ಕತ್ತರಿಸಿದೆ. ಅದು ಕನ್ನಡದ ಮೂಲಾಕ್ಷರಗಳನ್ನು ಉಳಿಸಿ, ಅಕ್ಷರಗಳು ಸೇರಿದಾಗ ಯಾವ ರೂಪ ತಾಳಬೇಕೆಂದು ಹೇಳುವ ಕೋಷ್ಟಕವನ್ನು ಅನಗತ್ಯವೆಂದು ಬಿಸಾಡಿತ್ತು. ಕಡತವೇನೋ ಚಿಕ್ಕದಾಯಿತು, ಆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ನಡುವೆ ವಿರಾಮದ ಕೊಂಬು ಹೊತ್ತು ಸಾಲಾಗಿ ನಿಂತವು. ಈಗ ನಾನು ತಲೆಬರಹಕ್ಕೆ ಮಾತ್ರ ಫಾಂಟ್ ಕಳಿಸುತ್ತೇನೆ, ಅದೂ ಬರುವವರೆಗೆ ಫೋನಿನದರಲ್ಲೇ ಓದಲು ಬಿಡುವಂತೆ ಹೇಳಿ. ಧಾರಣೆಯ ಕೋಷ್ಟಕ ಫೋನಿನ ಸ್ವಂತ ಫಾಂಟಿನಲ್ಲೇ ಇರುತ್ತದೆ. ಎಲ್ಲ ಫೋನಿನಲ್ಲೂ ಒಂದೇ ತೆರನಾಗಿ ಕಾಣದಿದ್ದರೂ ಎಲ್ಲ ಫೋನಿನಲ್ಲೂ ಬೇಗ ಕಾಣಬೇಕೆಂಬುದು ನನ್ನ ಆಯ್ಕೆ.

ಐಫೋನಿನ ತೊಂದರೆಗಳು ಲಿಪಿಗೆ ಸಂಬಂಧಿಸಿದವಲ್ಲ, ಅವು ಎಲ್ಲ ಭಾಷೆಯವರಿಗೂ ಸಮಾನ. ಭಾರತದಲ್ಲಿ ಐಫೋನಿನ ಮೇಲೆ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಯಾವುದನ್ನು ಹಾಕಿಕೊಂಡರೂ ಒಳಗಿರುವುದು ಸಫಾರಿಯ ವೆಬ್‌ಕಿಟ್ ಎಂಜಿನ್ನೇ, ಆದ್ದರಿಂದ ಅಲ್ಲಿ ನಾಲ್ಕು ಬ್ರೌಸರ್‌ಗಳಲ್ಲಿ ಪರೀಕ್ಷಿಸಿದೆವು ಎಂದರೆ ಬಹುಮಟ್ಟಿಗೆ ಒಂದರಲ್ಲೇ ನಾಲ್ಕು ಬಾರಿ ಪರೀಕ್ಷಿಸಿದಂತೆ. ದಿನಾಂಕ ಮತ್ತು ಸಮಯದ ನಡುವೆ ಬರಿಯ ಜಾಗ ಬಿಟ್ಟು ಬರೆದ ಸಾಲನ್ನು ಕ್ರೋಮ್ ಅರ್ಥಮಾಡಿಕೊಳ್ಳುತ್ತಿತ್ತು, ಹಳೆಯ ಸಫಾರಿ ಅದನ್ನು ಅಮಾನ್ಯ ದಿನಾಂಕವೆಂದು ತಳ್ಳಿಹಾಕುತ್ತಿತ್ತು. ನನ್ನ ಕೋಷ್ಟಕದ ಮೊದಲ ಕಂಬವಿಡೀ ಹಾಗೆಯೇ ತುಂಬಿಹೋಗಿತ್ತು. ಪುಟದ ಎತ್ತರವನ್ನು ತೆರೆಯ ನೂರಕ್ಕೆ ನೂರು ಎಂದರೆ ಬ್ರೌಸರಿನ ವಿಳಾಸಪಟ್ಟಿ (ಅಡ್ರೆಸ್ ಬಾರ್) ತಿನ್ನುವ ಜಾಗವನ್ನು ಸಫಾರಿ ಲೆಕ್ಕಕ್ಕೆ ಹಿಡಿಯದೆ ಕೆಳಗಿನ ಗುಂಡಿಯನ್ನು ಮುಚ್ಚುತ್ತಿತ್ತು. ಇದಕ್ಕೆಂದೇ ತಂದ ಹೊಸ ಅಳತೆಗಳು ಸಫಾರಿಗೆ 2022ರಲ್ಲಿ ಬಂದವು. ತುಂಬುವ ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್ ಪುಟವನ್ನೇ ಹಿಗ್ಗಿಸಿಬಿಡುತ್ತದೆ. ಇಷ್ಟನ್ನು ನೋಡಿಕೊಂಡರೆ ಅಲ್ಲಿನ ಬಹುಪಾಲು ಕೆಲಸ ಮುಗಿಯುತ್ತದೆ.

ಜಿಯೋಫೋನ್ ಬೇರೆಯೇ ಲೋಕ. ಸಂಘದ ಕೆಲವು ಸದಸ್ಯರ ಬಳಿ ಇನ್ನೂ ಅದಿದೆ. 240ಕ್ಕೆ 320 ಪಿಕ್ಸೆಲ್‌ನ ತೆರೆ, ಸ್ಪರ್ಶವಿಲ್ಲ, ಬಾಣದ ಕೀಲಿಗಳಿಂದ ಸೂಚಕವನ್ನು ತಳ್ಳುತ್ತ ಹೋಗಬೇಕು. ಅದನ್ನು ನಡೆಸುವ ಕೈಓಎಸ್ ಎಂಬ ವ್ಯವಸ್ಥೆಯ ಒಳಗಿರುವುದು ಫೈರ್‌ಫಾಕ್ಸ್‌ನ 48ನೇ ಆವೃತ್ತಿಯ ಎಂಜಿನ್. ಸಿಎಸ್‌ಎಸ್ ಗ್ರಿಡ್ (ಪುಟವನ್ನು ಅಡ್ಡ-ಉದ್ದ ಮನೆಗಳಾಗಿ ಜೋಡಿಸುವ ಸೌಲಭ್ಯ) ಫೈರ್‌ಫಾಕ್ಸ್‌ಗೆ ಬಂದದ್ದು 2017ರ ಮಾರ್ಚ್‌ನಲ್ಲಿ, 52ನೇ ಆವೃತ್ತಿಯಲ್ಲಿ. ಹಾಗಾಗಿ ನನ್ನ ಗ್ರಿಡ್ ಎಲ್ಲವೂ ಅಲ್ಲಿ ಒಂದರ ಕೆಳಗೊಂದು ಬಿದ್ದಿತ್ತು, ಹೊಸ ಬಗೆಯ ಜಾವಾಸ್ಕ್ರಿಪ್ಟ್ ಮೊದಲ ಸಾಲಿನಲ್ಲೇ ನಿಂತುಹೋಗಿತ್ತು. ಅದಕ್ಕಾಗಿ ಧಾರಣೆಯನ್ನು ಸರ್ವರ್‌ನಲ್ಲೇ ಸಿದ್ಧಪಡಿಸಿ, ಸ್ಕ್ರಿಪ್ಟ್ ಇಲ್ಲದೆಯೂ ಓದಬಲ್ಲ ಸರಳ ಕೋಷ್ಟಕವಾಗಿ ಕಳಿಸಿದೆ. ಗ್ರಿಡ್ ಗೊತ್ತಿರುವ ಬ್ರೌಸರ್ ಅದರ ಮೇಲೆ ತನ್ನ ವಿನ್ಯಾಸವನ್ನು ಹೊದಿಸಿಕೊಳ್ಳುತ್ತದೆ. ಇದರಿಂದ ಆದ ಅನಿರೀಕ್ಷಿತ ಲಾಭವೆಂದರೆ ಒಪೆರಾ ಮಿನಿಯಲ್ಲಿ ಮತ್ತು ನಿಧಾನದ ಸಂಪರ್ಕದಲ್ಲಿ ಪುಟ ಮೊದಲಿಗಿಂತ ಎಷ್ಟೋ ಬೇಗ ತೆರೆಯತೊಡಗಿತು.

ಅರ್ಜಿಯ ನಮೂನೆಯಲ್ಲಿ ನಾನು ನಿರೀಕ್ಷಿಸದಿದ್ದ ಒಂದು ದೂರು ಬಂತು. ಸದಸ್ಯರೊಬ್ಬರು ಎಷ್ಟು ಬಾರಿ ಬರೆದರೂ ದೂರವಾಣಿ ಸಂಖ್ಯೆ ತಪ್ಪೆಂದು ಪುಟ ಹೇಳುತ್ತಿತ್ತು. ಅವರು ಕನ್ನಡದ ಕೀಲಿಮಣೆಯಲ್ಲಿ ಕನ್ನಡದ ಅಂಕಿಗಳನ್ನೇ ಒತ್ತಿದ್ದರು, ನನ್ನ ಪರಿಶೀಲನೆ ಸೊನ್ನೆಯಿಂದ ಒಂಬತ್ತರವರೆಗಿನ ಇಂಗ್ಲಿಷ್ ಅಂಕಿಗಳನ್ನು ಮಾತ್ರ ಬಲ್ಲದು. ಕನ್ನಡದ ತಾಣ ಕನ್ನಡದ ಅಂಕಿಯನ್ನು ತಪ್ಪೆನ್ನುವುದು ನಾಚಿಕೆಯ ಸಂಗತಿಯಾದ್ದರಿಂದ, ಅವನ್ನು ಒಳಗೊಳಗೇ ಬದಲಿಸಿಕೊಳ್ಳುವ ಎರಡು ಸಾಲಿನ ಕೋಡ್ ಆ ರಾತ್ರಿಯೇ ಸೇರಿತು. ದೂರು ಪೆಟ್ಟಿಗೆಯ ಕೆಳಗಿದ್ದ ಅಕ್ಷರಗಳ ಎಣಿಕೆಯನ್ನು ಆಗಲೇ ತೆಗೆದುಹಾಕಿದೆ. ‘ಶ್ರೀನಿವಾಸಮೂರ್ತಿ’ ಎಂಬ ಹೆಸರು ಓದುವವರಿಗೆ 6 ಅಕ್ಷರ, ಬ್ರೌಸರ್‌ಗೆ 15, ಸರ್ವರ್‌ನಲ್ಲಿ ಯುಟಿಎಫ್-8 ಲೆಕ್ಕದಲ್ಲಿ 45 ಬೈಟ್. ಯಾವ ಲೆಕ್ಕವನ್ನು ತೋರಿಸಿದರೂ ಯಾರಾದರೊಬ್ಬರು ಜಗಳಕ್ಕೆ ಬರುತ್ತಿದ್ದರು.

ನನ್ನ ಮೇಜಿನ ಕೆಳಗೆ ಈಗ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಅದರಲ್ಲಿ ಅಂಚು ಒಡೆದ, 2 ಜಿಬಿ ಸ್ಮರಣೆಯ ಆಂಡ್ರಾಯ್ಡ್ ಫೋನು, ತನ್ನದೇ ಬ್ರೌಸರ್ ಇರುವ ಸ್ಯಾಮ್‌ಸಂಗ್, ಸೆಕೆಂಡ್‌ಹ್ಯಾಂಡ್ ಐಫೋನ್ ಮತ್ತು ಒಂದು ಜಿಯೋಫೋನ್ ಇವೆ. ಸ್ಯಾಮ್‌ಸಂಗ್‌ನ ಕತ್ತಲೆ ಮೋಡ್ ಸಂಘದ ಕಪ್ಪು ಅಕ್ಷರದ ಲಾಂಛನವನ್ನು ನುಂಗಿದ್ದು ಗೊತ್ತಾದದ್ದು ಈ ಡಬ್ಬಿಯಿಂದಲೇ. ದೂರದ ನಿಜವಾದ ಫೋನುಗಳನ್ನು ಬಾಡಿಗೆಗೆ ತೋರಿಸುವ ಮುಂಬೈ ಮೂಲದ ಬ್ರೌಸರ್‌ಸ್ಟ್ಯಾಕ್‌ನಂಥ ಸೇವೆಗಳನ್ನೂ ಆಗಾಗ ಬಳಸುತ್ತೇನೆ, ನನ್ನಲ್ಲಿಲ್ಲದ ಮಾದರಿಗಳಿಗೆ ಅವು ಬೇಕೇ ಬೇಕು. ಆದರೆ ಯಾರ್ಡಿನ ಬಿಸಿಲಿನಲ್ಲಿ ನಿಂತು, ಅಡಿಕೆ ಸುಲಿದು ಕಲೆಯಾದ ಹೆಬ್ಬೆರಳಿನಿಂದ ಗುಂಡಿ ಒತ್ತಲು ಸಾಧ್ಯವೇ ಎಂಬುದನ್ನು ಡಬ್ಬಿಯ ಫೋನುಗಳನ್ನು ಅಲ್ಲಿಗೇ ಒಯ್ದು ನೋಡಬೇಕಾಗುತ್ತದೆ.

ಒತ್ತಿನ ದೂರು ಕೊಟ್ಟ ಹಿರಿಯರ ಫೋನಿನಲ್ಲಿ ತಟ್ಟಿಬೆಟ್ಟೆ ಸರಿಯಾಗಿದ್ದರೂ ರ‍್ಯಾಂಕ್‌ನ ಒತ್ತು ಮಾತ್ರ ಇಂದಿಗೂ ವಾಲಿಕೊಂಡೇ ಇದೆ, ಬೇರೆ ಯಾವ ಫೋನಿನಲ್ಲೂ ಹಾಗಾಗುವುದಿಲ್ಲ. ಹೊಸ ಫೋನು ಕೊಂಡ ದಿನ ಹಳೆಯದನ್ನು ನನ್ನ ಡಬ್ಬಿಗೆ ಕೊಡಬೇಕೆಂದು ಕೇಳಿಕೊಂಡಿದ್ದೇನೆ. ಚಾಲಿಗೆ ಒಳ್ಳೆಯ ಧಾರಣೆ ಬಂದ ಮೇಲೆ ನೋಡೋಣ ಎಂದಿದ್ದಾರೆ. ಆ ಧಾರಣೆಯನ್ನು ಅವರು ದಿನವೂ ನೋಡುವುದು ನನ್ನ ಪುಟದಲ್ಲೇ.